ಸಣ್ಣ ಸಿನಿಮಾ, ಸರ್ಕಾರದ ದುಡ್ಡು ಮತ್ತು ಆಟದ ನಿಯಮ

2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಿಂದ ಬಂದ ಎರಡು ಸಂತೋಷದ ಸುದ್ದಿಗಳ ಬೇರು ಒಂದೇ ವಿಳಾಸದಲ್ಲಿತ್ತು: ಪುಣೆಯ ಲಾ ಕಾಲೇಜು ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟ್. ಅಲ್ಲಿ ಓದಿದ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಮುಖ್ಯ ಸ್ಪರ್ಧೆಯಲ್ಲಿ ಗ್ರ್ಯಾನ್ ಪ್ರಿ ಪಡೆಯಿತು. ವಿದ್ಯಾರ್ಥಿ ಚಿತ್ರಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಒಂದು ಕನ್ನಡ ಚಿತ್ರಕ್ಕೆ ಬಂತು. ಅದರ ನಿರ್ದೇಶಕ ಚಿದಾನಂದ ಎಸ್. ನಾಯ್ಕ್ ಮೈಸೂರಿನಲ್ಲಿ ವೈದ್ಯಕೀಯ ಓದಿ, ಸ್ಟೆತಾಸ್ಕೋಪು ಬದಿಗಿಟ್ಟು ಪುಣೆಗೆ ಹೋದವರು. ಊರಿನ ಕೋಳಿಯನ್ನು ಅಜ್ಜಿಯೊಬ್ಬಳು ಕದ್ದೊಯ್ದಾಗ ಊರಿಗೆ ಬೆಳಗೇ ಆಗದ ಕಥೆ ಅದು. ನಮ್ಮಲ್ಲಿ ಮಕ್ಕಳಿಗೆಲ್ಲ ಗೊತ್ತಿರುವ ಕಥೆಯೇ. ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಗೆ, ನಾಲ್ಕು ದಿನಗಳಲ್ಲಿ ಚಿತ್ರೀಕರಿಸಿದ ಹದಿನಾರು ನಿಮಿಷದ ಚಿತ್ರ.

ಈ ಎರಡು ಚಿತ್ರಗಳ ಹಣದ ಮೂಲ ಮಾತ್ರ ಬೇರೆಬೇರೆ. ಕನ್ನಡದ ಕಿರುಚಿತ್ರ ಪೂರ್ತಿಯಾಗಿ ಭಾರತ ಸರ್ಕಾರದ ದುಡ್ಡಿನ ಕೂಸು. ಕ್ಯಾಮೆರಾ, ಲೈಟು, ಸ್ಟುಡಿಯೊ, ಪಾಠ ಹೇಳಿದವರ ಸಂಬಳ ಎಲ್ಲವೂ ತೆರಿಗೆ ಕಟ್ಟುವವರದು. ಕಪಾಡಿಯಾ ಅವರ ಮಲಯಾಳ–ಹಿಂದಿ ಚಿತ್ರಕ್ಕೆ ಬೆನ್ನುಕೊಟ್ಟದ್ದು ಮುಖ್ಯವಾಗಿ ಯುರೋಪಿನ ಸಾರ್ವಜನಿಕ ನಿಧಿಗಳು. ಅಂದರೆ ಕಲಿಸುವ ತನಕ ನಮ್ಮ ಸರ್ಕಾರ ಇರುತ್ತದೆ, ಕಲಿತವರು ಸಿನಿಮಾ ಮಾಡಲು ಹೊರಟಾಗ ಫ್ರಾನ್ಸಿನ ಬಾಗಿಲು ತಟ್ಟಬೇಕಾಗುತ್ತದೆ. ಸಣ್ಣ ಬಜೆಟ್ಟಿನ ಚಿತ್ರಗಳಿಗೆ ಸಾರ್ವಜನಿಕ ಹಣ ಕೊಡಬೇಕೇ, ಕೊಟ್ಟರೆ ಯಾರಿಗೆ, ಕೊಟ್ಟ ಮೇಲೆ ಆ ಚಿತ್ರ ಯಾರ ಕಣ್ಣಿಗೆ ಬೀಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಒಟ್ಟಿಗೆ ನೋಡಲು ಪುಣೆಗಿಂತ ಒಳ್ಳೆಯ ಜಾಗ ಇಲ್ಲ. ಮೊದಲ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿದೆ. ಉಳಿದ ಎರಡರಲ್ಲಿ ನಾವು ಎಪ್ಪತ್ತು ವರ್ಷಗಳಿಂದ ಎಡವುತ್ತಲೇ ಇದ್ದೇವೆ ಎಂಬುದು ನನ್ನ ಅಭಿಪ್ರಾಯ.

ಕನ್ನಡ ಚಿತ್ರರಂಗಕ್ಕೆ ಮಹಾರಾಷ್ಟ್ರದ ಋಣ ಹಳೆಯದು. 1934ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೊದಲ್ಲಿ. ಅದೇ ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ್ ಕಂಪನಿ 1933ರಲ್ಲಿ ಪುಣೆಗೆ ಬಂದು ನೆಲೆಸಿತು, ಇಪ್ಪತ್ತು ವರ್ಷ ಬೆಳಗಿ ಮುಚ್ಚಿತು. ಅಷ್ಟರಲ್ಲಿ ದೆಹಲಿಯಲ್ಲಿ ಎಸ್.ಕೆ. ಪಾಟೀಲರ ಅಧ್ಯಕ್ಷತೆಯ ಚಲನಚಿತ್ರ ವಿಚಾರಣಾ ಸಮಿತಿ 1951ರಲ್ಲಿ ವರದಿ ಕೊಟ್ಟಿತ್ತು. ಯುದ್ಧಕಾಲದ ಕಪ್ಪುಹಣ ಸಿನಿಮಾಕ್ಕೆ ನುಗ್ಗಿದೆ, ಸ್ಟಾರುಗಳ ಬೆಲೆ ಏರಿದೆ, ಗಂಭೀರವಾಗಿ ಚಿತ್ರ ಮಾಡುವವನಿಗೆ ನ್ಯಾಯವಾದ ಬಡ್ಡಿಗೆ ಸಾಲ ಹುಟ್ಟುವುದಿಲ್ಲ, ಆದ್ದರಿಂದ ಹಣಕಾಸು ನಿಗಮವೂ ತರಬೇತಿ ಸಂಸ್ಥೆಯೂ ಬೇಕು ಎಂಬುದು ಅದರ ಸಾರ. ಸರ್ಕಾರ ಒಂಬತ್ತು ವರ್ಷ ಯೋಚಿಸಿತು. 1960ರಲ್ಲಿ ಮುಂಬೈಯಲ್ಲಿ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಬಂತು, ಪುಣೆಯಲ್ಲಿ ಪ್ರಭಾತ್ ಕಂಪನಿಯ ಜಾಗದಲ್ಲೇ ಇನ್‌ಸ್ಟಿಟ್ಯೂಟ್ ಬಂತು. 1964ರಲ್ಲಿ ಪಕ್ಕದಲ್ಲೇ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಶುರುವಾಯಿತು. ಕಲಿಸಲು ಒಂದು, ಸಾಲ ಕೊಡಲು ಒಂದು, ಕಾಪಾಡಲು ಒಂದು. ತೋರಿಸಲು ಮಾತ್ರ ಏನೂ ಇಲ್ಲ. ಈ ನಾಲ್ಕನೆಯ ಕಾಲು ಇಲ್ಲದ ಮಂಚದ ಮೇಲೆಯೇ ಭಾರತದ ಸಣ್ಣ ಸಿನಿಮಾ ಇಂದಿಗೂ ಮಲಗಿದೆ.

ಕಾರ್ಪೊರೇಷನ್ನು ಮೊದಲ ವರ್ಷಗಳಲ್ಲಿ ಹೆಸರಿದ್ದವರಿಗೇ ಸಾಲ ಕೊಡುತ್ತಿತ್ತು. ಬಿ.ಕೆ. ಕರಂಜಿಯಾ ಅಧ್ಯಕ್ಷರಾದ ಮೇಲೆ, ಅರವತ್ತರ ದಶಕದ ಕೊನೆಗೆ, ಗಾಳಿ ತಿರುಗಿತು. ಮೃಣಾಲ್ ಸೇನರ ‘ಭುವನ್ ಶೋಮ್’, ಬಾಸು ಚಟರ್ಜಿಯವರ ‘ಸಾರಾ ಆಕಾಶ್’, ಮಣಿ ಕೌಲರ ‘ಉಸ್ಕಿ ರೋಟಿ’ ಒಂದರ ಹಿಂದೆ ಒಂದು ಬಂದವು. ‘ಭುವನ್ ಶೋಮ್’ಗೆ ಕ್ಯಾಮೆರಾ ಹಿಡಿದ ಕೆ.ಕೆ. ಮಹಾಜನ್, ಹಾಗೆಯೇ ಮಣಿ ಕೌಲ್, ಇಬ್ಬರೂ ಪುಣೆಯ ಪದವೀಧರರು. ಕಲಿಸುವ ಕೈ ಮತ್ತು ಸಾಲ ಕೊಡುವ ಕೈ ಒಂದನ್ನೊಂದು ಹಿಡಿದುಕೊಂಡ ಅಪರೂಪದ ಕಾಲ ಅದು. ನಮ್ಮ ಮೈಸೂರಿನ ಎಂ.ಎಸ್. ಸತ್ಯು ‘ಗರ್ಮ್ ಹವಾ’ಕ್ಕೆ ಕಾರ್ಪೊರೇಷನ್ನಿನಿಂದ ಪಡೆದದ್ದು ಎರಡೂವರೆ ಲಕ್ಷ ರೂಪಾಯಿ. ಉಳಿದದ್ದನ್ನು ಕೈಗಡ ತಂದರು. ದೇಶ ವಿಭಜನೆಯನ್ನು ಅಷ್ಟು ನೇರವಾಗಿ ನೋಡಿದ ಚಿತ್ರಕ್ಕೆ ಬಜಾರಿನ ಬಡ್ಡಿ ಸಾಹುಕಾರ ಕಾಸು ಬಿಚ್ಚುತ್ತಿದ್ದನೇ? ಸಾರ್ವಜನಿಕ ಹಣ ಯಾಕೆ ಬೇಕು ಎಂದು ಕೇಳುವವರಿಗೆ ಈ ಒಂದು ಚಿತ್ರ ಸಾಕು.

ಆದರೆ ಅದು ಸಾಲ, ದಾನವಲ್ಲ. ಬಿಡುಗಡೆಯಾಗದ ಚಿತ್ರ ಸಾಲ ತೀರಿಸುವುದು ಹೇಗೆ? ಹಲವು ಚಿತ್ರಗಳು ಡಬ್ಬಿಯಲ್ಲೇ ಉಳಿದವು. 1976ರಲ್ಲಿ ಸಂಸತ್ತಿನ ಸಾರ್ವಜನಿಕ ಉದ್ದಿಮೆಗಳ ಸಮಿತಿ, ಕಾರ್ಪೊರೇಷನ್ನು ಗಳಿಕೆಯ ಸಾಧ್ಯತೆ ನೋಡದೆ ಸಾಲ ಕೊಟ್ಟಿದೆ ಎಂದು ತರಾಟೆಗೆ ತೆಗೆದುಕೊಂಡಿತು. ಥಿಯೇಟರ್ ಕಟ್ಟಿಕೊಡದೆ ಗಲ್ಲಾಪೆಟ್ಟಿಗೆಯ ಲೆಕ್ಕ ಕೇಳಿದ್ದು ಅನ್ಯಾಯ ಎಂದು ಆಗ ಹೇಳಿದವರು ಕಡಿಮೆ. 1980ರಲ್ಲಿ ಕಾರ್ಪೊರೇಷನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ (ಎನ್‌ಎಫ್‌ಡಿಸಿ) ವಿಲೀನವಾಯಿತು. ಅದು ಬಂದ ಹೊಸತರಲ್ಲೇ ರಿಚರ್ಡ್ ಅಟೆನ್‌ಬರೊ ಅವರ ‘ಗಾಂಧಿ’ಗೆ ಹಣ ಹಾಕಿದಾಗ, ಇಲ್ಲಿನವರಿಗೆ ಚಿಲ್ಲರೆ ಕೊಡುವ ಸಂಸ್ಥೆ ಪರದೇಶಿಗೆ ಕೋಟಿ ಸುರಿಯುವುದೇ ಎಂದು ನಿರ್ದೇಶಕರು ಬೀದಿಗಿಳಿದರು. ಚಿತ್ರ ಗೆದ್ದಿತು, ಲಾಭ ಬಂತು, ಅದರ ಒಂದು ಪಾಲಿನಿಂದ ಬಡ ಸಿನಿಮಾ ಕಲಾವಿದರ ಕ್ಷೇಮನಿಧಿ ಹುಟ್ಟಿತು. ಪ್ರತಿಭಟಿಸಿದವರ ಸಿಟ್ಟೂ ನ್ಯಾಯವಾದದ್ದೇ, ಬಂದ ಫಲವೂ ಒಳ್ಳೆಯದೇ. ಪುಣೆಯ ಇನ್ನೊಬ್ಬ ಪದವೀಧರ ಕುಂದನ್ ಶಾ ಅದೇ ಎನ್‌ಎಫ್‌ಡಿಸಿಯ ಏಳು ಲಕ್ಷಕ್ಕೂ ಕಡಿಮೆ ಹಣದಲ್ಲಿ 1983ರಲ್ಲಿ ‘ಜಾನೇ ಭೀ ದೋ ಯಾರೋ’ ಮಾಡಿದರು. ಇವತ್ತಿಗೂ ಜನ ನಕ್ಕು ನಕ್ಕು ನೋಡುವ ಸರ್ಕಾರಿ ಸಿನಿಮಾ ಬಹುಶಃ ಅದೊಂದೇ!

ಕರ್ನಾಟಕದ ದಾರಿ ಬೇರೆ. ಇಲ್ಲಿ ಸಾಲವಿಲ್ಲ, ಸಹಾಯಧನ. ಅರವತ್ತರ ದಶಕದ ನಡುವೆ ರಾಜ್ಯ ಸರ್ಕಾರ ಅದನ್ನು ಶುರುಮಾಡಿದಾಗ ಉದ್ದೇಶ ಕಲೆಯಾಗಿರಲಿಲ್ಲ. ಮದ್ರಾಸಿನ ಸ್ಟುಡಿಯೊಗಳಲ್ಲಿ ಬೀಡುಬಿಟ್ಟಿದ್ದ ಕನ್ನಡ ಚಿತ್ರರಂಗವನ್ನು ಊರಿಗೆ ಕರೆತರುವುದು ಉದ್ದೇಶವಾಗಿತ್ತು. ರಾಜ್ಯದಲ್ಲೇ ತಯಾರಾದ ಚಿತ್ರಕ್ಕೆ ಐವತ್ತು ಸಾವಿರ ರೂಪಾಯಿ. ಕಲೆಗೆ ಆದದ್ದು ಆಕಸ್ಮಿಕ ಲಾಭ. 1970ರ ‘ಸಂಸ್ಕಾರ’ ಒಂದು ಲಕ್ಷದ ಆಸುಪಾಸಿನಲ್ಲಿ ಮುಗಿದ ಚಿತ್ರ. ಅಂಥ ಲೆಕ್ಕದಲ್ಲಿ ಐವತ್ತು ಸಾವಿರ ಎಂದರೆ ಅರ್ಧ ಸಿನಿಮಾ. ‘ವಂಶವೃಕ್ಷ’, ‘ಕಾಡು’, ‘ಚೋಮನದುಡಿ’, ‘ಹಂಸಗೀತೆ’, ‘ಪಲ್ಲವಿ’ ಸಾಲಾಗಿ ಬಂದದ್ದಕ್ಕೆ ನವ್ಯ ಸಾಹಿತ್ಯದ ಬಲ ಎಷ್ಟಿತ್ತೋ ಈ ಐವತ್ತು ಸಾವಿರದ ಧೈರ್ಯವೂ ಅಷ್ಟೇ ಇತ್ತು ಎಂದರೆ ಸಾಹಿತ್ಯದವರು ಬೇಸರಿಸಬಾರದು.

ಈ ಅಲೆಗೆ ಪುಣೆಯ ನಂಟೂ ಇದೆ. ‘ಕಾಡು’ ಮಾಡಿದ ಗಿರೀಶ ಕಾರ್ನಾಡರು 1974–75ರಲ್ಲಿ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಅದೇ ಹೊತ್ತಿಗೆ ಅಲ್ಲಿ ಓದುತ್ತಿದ್ದ ಗಿರೀಶ ಕಾಸರವಳ್ಳಿ ಚಿನ್ನದ ಪದಕ ಪಡೆದು ಹೊರಬಂದರು. ಎರಡು ವರ್ಷದಲ್ಲಿ ‘ಘಟಶ್ರಾದ್ಧ’ ಮಾಡಿ ಸ್ವರ್ಣಕಮಲ ಗೆದ್ದರು. ಪುಣೆಯಲ್ಲಿ ಕೇಂದ್ರ ಸರ್ಕಾರ ಕಲಿಸಿತು, ಬೆಂಗಳೂರಿನಲ್ಲಿ ರಾಜ್ಯ ಸರ್ಕಾರ ಕೈಹಿಡಿಯಿತು, ಸದಾನಂದ ಸುವರ್ಣರಂಥ ರಂಗಭೂಮಿಯ ಮನುಷ್ಯ ನಿರ್ಮಾಪಕರಾದರು. ಈ ಮೂರೂ ಕೂಡಿದಾಗ ಮಾತ್ರ ಇಂಥದ್ದು ಆಗುತ್ತದೆ. 2024ರಲ್ಲಿ ಅದೇ ‘ಘಟಶ್ರಾದ್ಧ’ ಹೊಸ ಹೊಳಪಿನೊಂದಿಗೆ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಹಳೆಯ ಚಿತ್ರವನ್ನು ಹಾಗೆ ಉಜ್ಜಿ ಬೆಳಗಿಸುವ ಖರ್ಚು ಹೊತ್ತದ್ದು ಅಮೆರಿಕದ ಒಂದು ಕುಟುಂಬ ಪ್ರತಿಷ್ಠಾನ.

ಈ ಸಹಾಯಧನದ ನಿಯಮ ಮುಂದೆ ಏನಾಯಿತು ಎಂದು ತಿಳಿಯಲು ಇಲ್ಲಿ ಫುಟ್ಬಾಲಿನ ಮಾತು ತೆಗೆಯಬೇಕು. 2018ರ ವಿಶ್ವಕಪ್ಪಿನಲ್ಲಿ ಜಪಾನ್ ಮತ್ತು ಸೆನೆಗಲ್ ತಂಡಗಳ ಅಂಕ ಸಮ, ಹೊಡೆದ ಗೋಲು ಸಮ, ಪರಸ್ಪರ ಆಟವೂ 2–2ರ ಸಮ. ಆಗ ಫೇರ್ ಪ್ಲೇ ನಿಯಮ ಹೊರಬಂತು: ಯಾರಿಗೆ ಹಳದಿ ಕಾರ್ಡು ಕಡಿಮೆಯೋ ಅವರು ಮುಂದಕ್ಕೆ. ಜಪಾನಿಗೆ ನಾಲ್ಕು, ಸೆನೆಗಲ್‌ಗೆ ಆರು. ಪೋಲೆಂಡ್ ವಿರುದ್ಧ ಒಂದು ಗೋಲಿನಿಂದ ಸೋಲುತ್ತಿದ್ದ ಜಪಾನ್, ಅತ್ತ ಸೆನೆಗಲ್ ಕೂಡ ಸೋಲುತ್ತಿದೆ ಎಂದು ಗೊತ್ತಾದ ಮೇಲೆ, ಕೊನೆಯ ಹತ್ತು ನಿಮಿಷ ಚೆಂಡನ್ನು ತಮ್ಮ ತಮ್ಮಲ್ಲೇ ದಾಟಿಸಿಕೊಂಡು ಕಾಲ ಕಳೆಯಿತು. ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಸಭ್ಯ ಆಟಕ್ಕೆಂದು ಮಾಡಿದ ನಿಯಮ ಆಟವನ್ನೇ ನಿಲ್ಲಿಸಿತು. ಜಪಾನ್ ತಪ್ಪು ಮಾಡಲಿಲ್ಲ. ನಿಯಮ ಏನನ್ನು ಎಣಿಸುತ್ತದೋ ಆಟಗಾರ ಅದಕ್ಕಾಗಿಯೇ ಆಡುತ್ತಾನೆ.

ನಮ್ಮ ಸಹಾಯಧನದ ಕಥೆಯೂ ಇದೇ. ಗಾಂಧಿನಗರದಲ್ಲಿ ‘ಸಬ್ಸಿಡಿ ಸಿನಿಮಾ’ ಎಂಬ ಮಾತು ಬೈಗುಳವಾಗಿ ಎಷ್ಟೋ ಕಾಲವಾಯಿತು. ಹಣ ಸಿಗುವುದು ಚಿತ್ರ ಮುಗಿದು, ಸೆನ್ಸಾರ್ ಪ್ರಮಾಣಪತ್ರ ಬಂದು, ಆಯ್ಕೆ ಸಮಿತಿ ನೋಡಿದ ಮೇಲೆ. ವರ್ಷಕ್ಕೆ ನೂರಕ್ಕೂ ಹೆಚ್ಚು ಚಿತ್ರಗಳಿಗೆ ತಲಾ ಹತ್ತು ಲಕ್ಷ. ಮಕ್ಕಳ ಚಿತ್ರ, ಐತಿಹಾಸಿಕ ಚಿತ್ರ, ಸಾಹಿತ್ಯ ಕೃತಿ ಆಧಾರಿತ ಚಿತ್ರಗಳಿಗೆ ಬೇರೆ ಬೇರೆ ಕಟ್ಟಲೆ. ಹತ್ತು ಲಕ್ಷದೊಳಗೆ ಹೇಗೋ ಒಂದು ಸಿನಿಮಾ ಸುತ್ತಿ, ಸಮಿತಿ ಮೆಚ್ಚುವ ಒಂದು ಸಂದೇಶ ತುರುಕಿ, ಒಂದೆರಡು ಪ್ರದರ್ಶನ ಮಾಡಿ ಕಡತ ಸಲ್ಲಿಸುವ ಕಸುಬು ಬೆಳೆದದ್ದು ಆಶ್ಚರ್ಯವಲ್ಲ. ಪ್ರಾಮಾಣಿಕವಾಗಿ ಕೋಟಿ ಖರ್ಚು ಮಾಡಿ ಒಳ್ಳೆಯ ಚಿತ್ರ ಮಾಡಿದವನಿಗೂ ಅದೇ ಹತ್ತು ಲಕ್ಷ, ಅದೂ ಚೆಕ್ಕು ಬರುವಾಗ ವರ್ಷಗಳು ಉರುಳಿರುತ್ತವೆ. ಈ ಇಲಾಖೆಗಳ ಗಡಿಯಾರ ಎಷ್ಟು ನಿಧಾನ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ, 2019ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಘೋಷಣೆಯಾದದ್ದು 2025ರ ಜನವರಿಯಲ್ಲಿ. ಬಡ್ಡಿಗೆ ತಂದು ಚಿತ್ರ ಮಾಡಿದ ಸಣ್ಣ ನಿರ್ಮಾಪಕನಿಗೆ ಆರು ವರ್ಷ ಎಂದರೆ ಮನೆ ಮಾರುವಷ್ಟು ಕಾಲ.

ಮಹಾರಾಷ್ಟ್ರದಲ್ಲಿ ಪದ್ಧತಿ ಕೊಂಚ ಬಿಗಿ. ಅಲ್ಲಿ ಮರಾಠಿ ಚಿತ್ರಗಳನ್ನು ಪರೀಕ್ಷಿಸಿ ಅಂಕ ಕೊಡುತ್ತಾರೆ, ‘ಅ’ ದರ್ಜೆಗೆ 40 ಲಕ್ಷ, ‘ಬ’ ದರ್ಜೆಗೆ 30 ಲಕ್ಷ. ಚಿತ್ರಗಳು ಕಡಿಮೆ, ಮೊತ್ತ ಹೆಚ್ಚು. ಇದರಲ್ಲೂ ಅಂಕ ಹಾಕುವವರ ರುಚಿಯ ತಕರಾರು ಇದ್ದದ್ದೇ. ಆದರೂ ಎಲ್ಲರಿಗೂ ಪ್ರಸಾದದಂತೆ ಹಂಚುವುದಕ್ಕಿಂತ ಇದು ಲೇಸು. ಪುಣೆಯಲ್ಲೇ ಇದ್ದುಕೊಂಡು ಚಿತ್ರ ಮಾಡಿದ ಸುಮಿತ್ರಾ ಭಾವೆ ಮತ್ತು ಸುನೀಲ್ ಸುಖಠಣಕರ್, ಇನ್‌ಸ್ಟಿಟ್ಯೂಟಿನಲ್ಲಿ ಓದಿ ‘ವಳೂ’ ಮಾಡಿದ ಉಮೇಶ ಕುಲಕರ್ಣಿ, ಇವರೆಲ್ಲರ ಮರಾಠಿ ಸಿನಿಮಾ ಮುಂಬೈಯ ಹಿಂದಿ ಬಂಡೆಯ ಪಕ್ಕದಲ್ಲೇ ಬೇರುಬಿಟ್ಟದ್ದು ಸಣ್ಣ ಮಾತಲ್ಲ.

ಯಾರಿಗೆ ಕೊಡಬೇಕು ಎಂಬ ಜಗಳ ಈಚೆಗೆ ಬಿಸಿಯಾದದ್ದು ಕೇರಳದಲ್ಲಿ. ಅಲ್ಲಿನ ಸರ್ಕಾರಿ ನಿಗಮ ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದ ಹೊಸ ನಿರ್ದೇಶಕರಿಗೆ ಒಂದೂವರೆ ಕೋಟಿ ರೂಪಾಯಿ ತನಕ ಕೊಟ್ಟು ಚಿತ್ರ ಮಾಡಿಸುತ್ತದೆ. 2025ರ ಆಗಸ್ಟಿನಲ್ಲಿ ಸರ್ಕಾರವೇ ಕರೆದ ಸಮಾವೇಶದಲ್ಲಿ ಅಡೂರ್ ಗೋಪಾಲಕೃಷ್ಣನ್, ಇಷ್ಟು ದುಡ್ಡು ಹೆಚ್ಚಾಯಿತು, ಇವರಿಗೆ ಮೊದಲು ತರಬೇತಿ ಕೊಡಿ, ಮೊತ್ತವನ್ನು ಮೂವರಿಗೆ ಹಂಚಿ ಎಂದರು. ಸಭೆಯಲ್ಲೇ ವಿರೋಧ ಎದ್ದಿತು. ಅಡೂರರು ದೊಡ್ಡ ಕಲಾವಿದರು, ಪುಣೆಯ ಮೊದಲ ತಲೆಮಾರಿನ ವಿದ್ಯಾರ್ಥಿ. ಆದರೆ ಅವರ ಮೊದಲ ಚಿತ್ರ ‘ಸ್ವಯಂವರಂ’ ಕೂಡ ಸರ್ಕಾರಿ ಕಾರ್ಪೊರೇಷನ್ನಿನ ಸಾಲದಿಂದಲೇ ಆದದ್ದು. ಹೊಸಬನ ಕೈಗೆ ಸಾರ್ವಜನಿಕ ಹಣ ಕೊಡುವ ಅಪಾಯವನ್ನು ಅಂದು ಯಾರೋ ಕೈಗೊಂಡಿದ್ದರು. ತರಬೇತಿ ಎಲ್ಲರಿಗೂ ಬೇಕು, ಸರಿ. ಕೆಳಜಾತಿಯವರ, ಹೆಂಗಸರ ವಿಷಯ ಬಂದಾಗ ಮಾತ್ರ ಅದು ನೆನಪಾಗುವುದು ಸರಿಯಲ್ಲ.

ಹಣ ಕೊಟ್ಟವನ ಕೈಗೆ ಮೂಗುದಾರ ಸಿಗಬಾರದು ಎಂಬುದು ಇನ್ನೊಂದು ನಿಯಮ. 2015ರಲ್ಲಿ ಆಡಳಿತ ಪಕ್ಷದ ಸದಸ್ಯರಾಗಿದ್ದ ಕಿರುತೆರೆ ನಟ ಗಜೇಂದ್ರ ಚೌಹಾಣ್ ಅವರನ್ನು ಕೇಂದ್ರ ಸರ್ಕಾರ ಇನ್‌ಸ್ಟಿಟ್ಯೂಟಿನ ಅಧ್ಯಕ್ಷರನ್ನಾಗಿ ನೇಮಿಸಿದಾಗ ವಿದ್ಯಾರ್ಥಿಗಳು 139 ದಿನ ಮುಷ್ಕರ ಮಾಡಿದರು. ಅದರಲ್ಲಿದ್ದ ಪಾಯಲ್ ಕಪಾಡಿಯಾ ಶಿಸ್ತುಕ್ರಮ ಎದುರಿಸಿ ಅನುದಾನ ಕಳೆದುಕೊಂಡರು. ಒಂಬತ್ತು ವರ್ಷದ ಮೇಲೆ ಅವರು ಕಾನ್‌ನಲ್ಲಿ ಗೆದ್ದಾಗ ಅಭಿನಂದನೆಯ ಸುರಿಮಳೆ ಸುರಿಯಿತು. 2022ರಲ್ಲಿ ಫಿಲ್ಮ್ಸ್ ಡಿವಿಷನ್, ಮಕ್ಕಳ ಚಿತ್ರ ಸಂಸ್ಥೆ, ಚಿತ್ರೋತ್ಸವ ನಿರ್ದೇಶನಾಲಯ, ಪುಣೆಯ ಆರ್ಕೈವ್ ಎಲ್ಲವನ್ನೂ ಎನ್‌ಎಫ್‌ಡಿಸಿಯ ಒಂದೇ ಚಪ್ಪರದಡಿ ತಂದರು. ಖರ್ಚು ಉಳಿಯಬಹುದು. ಆದರೆ ಒಬ್ಬ ಅಧಿಕಾರಿ ಇಲ್ಲ ಎಂದಾಗ ತಟ್ಟಲು ಇನ್ನೊಂದು ಬಾಗಿಲು ಉಳಿಯುವುದಿಲ್ಲ.

ಈಗ ಪ್ರದರ್ಶನಕ್ಕೆ ಬರೋಣ, ಅಸಲು ಗಾಯ ಇರುವುದು ಅಲ್ಲಿ. ಫುಟ್ಬಾಲಿನಲ್ಲಿ ಇದಕ್ಕೆ ಪುಣೆಯದೇ ಉದಾಹರಣೆ ಇದೆ. 2007ರಲ್ಲಿ ಶುರುವಾದ ಪುಣೆ ಎಫ್‌ಸಿ ಐ-ಲೀಗಿಗೆ ಏರಿ, 2012–13ರಲ್ಲಿ ಎರಡನೆಯ ಸ್ಥಾನ ಪಡೆದ ತಂಡ. ಹುಡುಗರ ಅಕಾಡೆಮಿ ಕಟ್ಟಿ ಹೆಸರು ಮಾಡಿತ್ತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಂತು, ಗೆದ್ದು ಏರುವ ಮೆಟ್ಟಿಲೇ ಇಲ್ಲದ, ದುಡ್ಡು ಕಟ್ಟಿ ಒಳಬರುವ ಲೀಗು. ಹೃತಿಕ್ ರೋಷನ್ ಪಾಲುದಾರಿಕೆಯ ಎಫ್‌ಸಿ ಪುಣೆ ಸಿಟಿ ಬಾಲೇವಾಡಿ ಕ್ರೀಡಾಂಗಣದಲ್ಲಿ ಮಿಂಚಿತು. ಮರುವರ್ಷವೇ ಹಳೆಯ ತಂಡ ಬಾಗಿಲು ಹಾಕಿತು. 2019ರಲ್ಲಿ ಹೊಸ ತಂಡವೂ ಕೊನೆಗೊಂಡು, ಅದರ ಜಾಗಕ್ಕೆ ಹೈದರಾಬಾದಿನ ತಂಡ ಬಂತು. ಆಡಿ ಗೆದ್ದವರಿಗೆ ಮೇಲಿನ ಲೀಗಿನ ಬಾಗಿಲು ತೆರೆದದ್ದು 2023ರಲ್ಲಿ, ಪಂಜಾಬ್ ಎಫ್‌ಸಿಗೆ. ಆ ಹೊತ್ತಿಗೆ ಪುಣೆಯಲ್ಲಿ ದೊಡ್ಡ ತಂಡವೇ ಇರಲಿಲ್ಲ. ಒಳ್ಳೆಯ ಆಟವಾಡಿದರೂ ಮೈದಾನವೇ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಸಿನಿಮಾದಲ್ಲಿ ಆ ಮೈದಾನ ಎಂದರೆ ಮಲ್ಟಿಪ್ಲೆಕ್ಸಿನ ಸಂಜೆ ಆಟ. 2015ರ ಏಪ್ರಿಲಿನಲ್ಲಿ ಮಹಾರಾಷ್ಟ್ರ ಸರ್ಕಾರ ಸಂಜೆ ಆರರಿಂದ ಒಂಬತ್ತರೊಳಗೆ ಮರಾಠಿ ಚಿತ್ರ ಕಡ್ಡಾಯ ಎಂದಿತು. ಲೇಖಕಿ ಶೋಭಾ ಡೇ ಅದನ್ನು ಗೇಲಿ ಮಾಡಿದ್ದು, ಶಿವಸೇನೆಯವರು ವಡಾಪಾವ್ ಹಿಡಿದು ಅವರ ಮನೆ ಬಾಗಿಲಿಗೆ ಹೋದದ್ದು ದೊಡ್ಡ ಸುದ್ದಿಯಾಯಿತು. ಈ ಗದ್ದಲದ ನಡುವೆ ನಿಯಮ ಸದ್ದಿಲ್ಲದೆ ಸಡಿಲವಾಗಿ, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಒಂಬತ್ತರೊಳಗೆ ಎಂದಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಸಿನಿಮಾ ನೋಡಲು ಯಾರಿಗೆ ಪುರುಸೊತ್ತಿದೆ? ಕರ್ನಾಟಕದಲ್ಲಿ ಟಿಕೆಟಿಗೆ 200 ರೂಪಾಯಿಯ ಮಿತಿ 2017ರಲ್ಲೂ ಬಂತು, 2025ರ ಸೆಪ್ಟೆಂಬರಿನಲ್ಲೂ ಬಂತು. ಎರಡು ಸಲವೂ ನ್ಯಾಯಾಲಯದ ಮೆಟ್ಟಿಲೇರಿತು. ಎರಡನೆಯದಕ್ಕೆ ಹೈಕೋರ್ಟು ಅದೇ ತಿಂಗಳು ಮಧ್ಯಂತರ ತಡೆ ಕೊಟ್ಟಿತು. ಟಿಕೆಟ್ ಬೆಲೆ ಇಳಿದರೂ ಅದರಿಂದ ಹೆಚ್ಚು ಗೆಲ್ಲುವುದು ದೊಡ್ಡ ಸ್ಟಾರಿನ ಚಿತ್ರವೇ ಎಂಬುದು ನನ್ನ ಅನುಮಾನ. ಸಣ್ಣ ಚಿತ್ರಕ್ಕೆ ಬೇಕಾದದ್ದು ಅಗ್ಗದ ಟಿಕೆಟಿಗಿಂತ ಎರಡನೆಯ ವಾರ.

ಫುಟ್ಬಾಲು ಈ ವಿಷಯದಲ್ಲಿ ಒಂದು ಒಳ್ಳೆಯ ಪಾಠವನ್ನೂ ಇಟ್ಟಿದೆ. ದೊಡ್ಡ ಕ್ಲಬ್ಬು ಒಬ್ಬ ಆಟಗಾರನನ್ನು ಕೊಂಡರೆ ಆ ಮೊತ್ತದ ಶೇಕಡ 5ರಷ್ಟನ್ನು, ಅವನು 12ರಿಂದ 23ರ ವಯಸ್ಸಿನಲ್ಲಿ ಆಡಿ ಬೆಳೆದ ಕ್ಲಬ್ಬುಗಳಿಗೆ ಹಂಚಬೇಕೆಂದು ಫಿಫಾ ನಿಯಮವಿದೆ. ಯಾವುದೋ ಹಳ್ಳಿಯ ಮೈದಾನಕ್ಕೂ ಪಾಲು ಸೇರುತ್ತದೆ. ಯುರೋಪಿನ ಆರ್ಥಿಕ ಫೇರ್ ಪ್ಲೇ ನಿಯಮದ ಅನುಭವ ಮಾತ್ರ ಬೇರೆ: 2020ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹಾಕಿದ ಎರಡು ವರ್ಷದ ನಿಷೇಧ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ದೊಡ್ಡವರನ್ನು ತಡೆಯುವ ನಿಯಮ ವಕೀಲರ ಕೈಯಲ್ಲಿ ಸೋಲುತ್ತದೆ, ದೊಡ್ಡವರ ದುಡ್ಡಿನಲ್ಲಿ ಸಣ್ಣವರಿಗೆ ಪಾಲಿಡುವ ನಿಯಮ ನಿಲ್ಲುತ್ತದೆ. ಫ್ರಾನ್ಸಿನವರು ಸಿನಿಮಾದಲ್ಲಿ ಮಾಡಿದ್ದೂ ಇದನ್ನೇ. ಅಲ್ಲಿ ಪ್ರತಿ ಟಿಕೆಟಿನ ಶೇಕಡ 10.72 ಭಾಗ ಅವರ ರಾಷ್ಟ್ರೀಯ ಸಿನಿಮಾ ಕೇಂದ್ರಕ್ಕೆ ಹೋಗುತ್ತದೆ. ಹಾಲಿವುಡ್ಡಿನ ಚಿತ್ರ ಎಷ್ಟು ಓಡಿದರೆ ಫ್ರೆಂಚ್ ಚಿತ್ರದ ಹುಂಡಿ ಅಷ್ಟು ತುಂಬುತ್ತದೆ. ನಮ್ಮ ಪಾಯಲ್ ಕಪಾಡಿಯಾ ಅವರಂಥ ಹೊರಗಿನವರಿಗೂ ಅದೇ ಹುಂಡಿಯಿಂದ ಸಿಕ್ಕಿತು.

ಕರ್ನಾಟಕ 2024ರಲ್ಲಿ ಸಿನಿಮಾ ಟಿಕೆಟಿನ ಮೇಲೆ ಶೇಕಡ 1ರಿಂದ 2ರ ತನಕ ಸೆಸ್ ಹಾಕುವ ಕಾನೂನು ಮಾಡಿತು. ಅದು ಕಲಾವಿದರ, ತಂತ್ರಜ್ಞರ ಕ್ಷೇಮನಿಧಿಗೆ. ಒಳ್ಳೆಯದೇ, ಆಗಲಿ. ಆದರೆ ಸೆಸ್ ಹಾಕಲು ಸಾಧ್ಯ ಎಂದು ಗೊತ್ತಾದ ಮೇಲೆ, ಸಣ್ಣ ಚಿತ್ರಗಳ ಪ್ರದರ್ಶನಕ್ಕೂ ಅಂಥ ಒಂದು ಪಾಲು ಇಡಲು ಅಡ್ಡಿ ಏನು?

ಸರ್ಕಾರವೇ ಬೇಡ, ಜನರೇ ಸಾಕು ಎನ್ನುವವರೂ ಇದ್ದಾರೆ. 1976ರ ‘ಮಂಥನ್’ಗೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿದರು. 2013ರಲ್ಲಿ ಪವನ್ ಕುಮಾರ್ ‘ಲೂಸಿಯಾ’ವನ್ನು ನೂರು ಚಿಲ್ಲರೆ ಜನರಿಂದ ಕೂಡಿಸಿದ ಸುಮಾರು ಐವತ್ತು ಲಕ್ಷದಲ್ಲಿ ಮಾಡಿದರು. ಎರಡೂ ಹೆಮ್ಮೆಯ ಸಂಗತಿಗಳು. ಆದರೆ ‘ಮಂಥನ್’ ಹಿಂದೆ ಒಂದು ಸಹಕಾರ ಸಂಸ್ಥೆ ಇತ್ತು, ‘ಲೂಸಿಯಾ’ ಹಿಂದೆ ಆಗಲೇ ಒಂದು ಗೆದ್ದ ಚಿತ್ರದ ಹೆಸರಿತ್ತು. ಮೈಸೂರಿನಿಂದ ಹೊರಟ, ಯಾರಿಗೂ ಗೊತ್ತಿಲ್ಲದ ಡಾಕ್ಟರಿಗೆ ಕೋಳಿ ಕದ್ದ ಅಜ್ಜಿಯ ಚಿತ್ರ ಮಾಡಲು ಜನ ಕಾಸು ಕೊಡುತ್ತಿದ್ದರೇ? ಅದಕ್ಕೆ ಪುಣೆಯ ಸರ್ಕಾರಿ ಶಾಲೆಯೇ ಬೇಕಾಯಿತು.

ನನ್ನ ತೀರ್ಪು ಇಷ್ಟು. ನೂರಾರು ಚಿತ್ರಗಳಿಗೆ ಹತ್ತು ಹತ್ತು ಲಕ್ಷ ಹಂಚುವುದನ್ನು ಬಿಟ್ಟು, ಆಯ್ದ ಮೂವತ್ತು ನಲವತ್ತು ಚಿತ್ರಕಥೆಗಳಿಗೆ, ಚಿತ್ರೀಕರಣಕ್ಕೆ ಮೊದಲೇ, ಕೆಲಸವಾಗುವಷ್ಟು ಹಣ ಕೊಡಬೇಕು. ಅದರಲ್ಲಿ ಹೊಸಬರಿಗೂ ಅವಕಾಶ ಸಿಗದ ಸಮುದಾಯಗಳಿಗೂ ಪಾಲಿರಬೇಕು. ಉಳಿದ ಹಣವನ್ನು ಜಿಲ್ಲಾ ಕೇಂದ್ರಗಳಲ್ಲಿ ಪರದೆ ಬಾಡಿಗೆಗೆ ಹಿಡಿಯಲು ಬಳಸಬೇಕು. ರಾಜ್ಯ ಸರ್ಕಾರ 2025ರ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗೆ ತನ್ನದೇ ಒಟಿಟಿ ತರುವುದಾಗಿ ಹೇಳಿದೆ. ಅದು ಬರುವ ತನಕ ವಾರ್ತಾ ಇಲಾಖೆ ಒಂದು ಸಣ್ಣ ಕೆಲಸ ಮಾಡಲಿ: ಸಹಾಯಧನ ಪಡೆದ ಚಿತ್ರಗಳ ಪಟ್ಟಿಯನ್ನು ಪ್ರಕಟಿಸುವಾಗ, ಪ್ರತಿ ಚಿತ್ರದ ಹೆಸರಿನ ಮುಂದೆ ಅದು ಯಾವ ಊರಿನಲ್ಲಿ, ಎಷ್ಟು ಪರದೆಗಳಲ್ಲಿ, ಎಷ್ಟು ದಿನ ಓಡಿತು ಎಂಬುದನ್ನೂ ಅಚ್ಚುಮಾಡಲಿ. ಓದುಗರೂ ಆ ಪಟ್ಟಿಯನ್ನು ಕೇಳಿ ಪಡೆಯಲಿ.